ಪದಚರ್ಚೆ: ಉಸಿರಿನ ಪರೀಕ್ಷೆಯ ಕರಪತ್ರಕ್ಕೆ ‘ಸೂಕ್ಷ್ಮ ದೋಷ’ ಒಗ್ಗುವುದೇ?

ಮಾನ್ಯರೇ,

ಕೆಮ್ಮು, ದಮ್ಮು ಇದ್ದೂ ಊದುವ ಪರೀಕ್ಷೆಯಲ್ಲಿ ಏನೂ ಕಾಣದವರಿಗಾಗಿ ಹುಬ್ಬಳ್ಳಿಯಲ್ಲಿ ಹಂಚುವ ಕರಪತ್ರ ನಾಡಿದ್ದು ಮುದ್ರಣಕ್ಕೆ ಹೋಗಬೇಕು. ಇಂಗ್ಲಿಷ್ ಮೂಲದಲ್ಲಿರುವ ‘ಸಟಲ್’ (subtle, ಸುಲಭವಾಗಿ ಕಣ್ಣಿಗೆ ಬೀಳದ) ದೋಷ ಎಂಬಲ್ಲಿನ ಮೊದಲ ಪದಕ್ಕೆ ನಿಮ್ಮಲ್ಲಿ ಹೆಚ್ಚಿನವರು ‘ಸೂಕ್ಷ್ಮ’ ಎಂದು ಬರೆದಿರಿ. ಒಪ್ಪಲಾರೆ. ‘ಸ್ಥಿತಿ ಸೂಕ್ಷ್ಮವಾಗಿದೆ’ ಎಂದು ವೈದ್ಯರು ಹೇಳಿದರೆ ಮನೆಮಂದಿ ಬೀಗರಿಗೆಲ್ಲ ಹೇಳಿಕಳಿಸುತ್ತಾರೆ. ‘ಸಣ್ಣ ದೋಷ’ ಎಂದರೋ, ಯಾರೂ ಮರಳಿ ತೋರಿಸಿಕೊಳ್ಳುವುದಿಲ್ಲ.

ವಿಷಯವನ್ನು ನೋಡಿ ಪದ ಆರಿಸೋಣ. ಆ ಊದುವ ಪರೀಕ್ಷೆಯಲ್ಲಿ, ಅಂದರೆ ಸ್ಪೈರೋಮೆಟ್ರಿಯಲ್ಲಿ, ಬಲವಾಗಿ ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿಗೆ ಹೊರಬಂದ ಪಾಲು ಶೇ. 70ಕ್ಕಿಂತ ಕಡಿಮೆಯಿದ್ದರೆ ಗಾಳಿಯ ಹರಿವಿಗೆ ಅಡ್ಡಿಯಿದೆ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಆದರೆ ಶ್ವಾಸಕೋಶದೊಳಗಿನ 2 ಮಿಲಿಮೀಟರಿಗಿಂತ ಕಿರಿದಾದ ನಾಳಗಳು ಸಾವಿರಾರು ಕವಲುಗಳಾಗಿ ಗಾಳಿಯನ್ನು ಹಂಚಿಕೊಳ್ಳುವುದರಿಂದ, ಅವುಗಳಲ್ಲಿ ಎಷ್ಟೋ ಕೆಟ್ಟ ಮೇಲೂ ಆ ಅಂಕಿ ಸರಿಯಾಗಿಯೇ ಉಳಿಯಬಹುದು. ಸಹಜವಾಗಿ ಉಸಿರಾಡುತ್ತಿರುವಾಗಲೇ ಬಾಯಿಯ ಮೂಲಕ ಒತ್ತಡದ ಅಲೆಗಳನ್ನು ಕಳಿಸಿ ತಡೆಯನ್ನು ಅಳೆಯುವ ಆಸಿಲೊಮೆಟ್ರಿ ಬೇಕಾಗುವುದು ಇಂಥಲ್ಲಿ. ಕೆಡಕು ಅಲ್ಲೇ ಇದೆ, ಮರೆಯಲ್ಲಿದೆ. ಆದ್ದರಿಂದ ನನ್ನ ಆಯ್ಕೆ ‘ಅಡಗಿದ ಕುಂದು’.

‘ಕುಂದು’ ಎಂದೊಡನೆ ಕುಂದುಕೊರತೆ ಸಭೆ ನೆನಪಾಗುತ್ತದೆಂಬ ಆಕ್ಷೇಪ ನಿಲ್ಲದು. ಬಲ ಕುಂದಿತು, ಬೆಳಕು ಕುಂದಿತು ಎಂಬ ಬಳಕೆ ಸಭೆಗಳಿಗಿಂತ ಹಳೆಯದು; ತುಸುತುಸುವಾಗಿ ಇಳಿಯುವುದನ್ನು ಅದರಷ್ಟು ಚೆನ್ನಾಗಿ ಹೇಳುವ ಕ್ರಿಯಾಪದ ನನಗೆ ಸಿಕ್ಕಿಲ್ಲ.

ಇನ್ನು ‘ದಮ್ಮು’ ಪಾರಸಿಯದು, ತೆಗೆಯಿರಿ ಎಂದು ಹಿರಿಯರೊಬ್ಬರು ಒಂದೇ ಸಾಲಿನಲ್ಲಿ ಅಪ್ಪಣೆ ಕೊಡಿಸಿದ್ದಾರೆ. ಅವರು ಬದಲಿಗೆ ಸೂಚಿಸಿದ ‘ಶ್ವಾಸಕಷ್ಟ’ದ ಎರಡು ತುಂಡುಗಳೂ ಸಂಸ್ಕೃತದವು, ಎರವಲು ತಪ್ಪಾದರೆ ಎರಡೂ ತಪ್ಪು. ‘ಉಬ್ಬಸ’ ಅಚ್ಚಗನ್ನಡವೆಂದು ಹಿಡಿದರೂ ಇಲ್ಲಿ ಸಲ್ಲದು, ಏಕೆಂದರೆ ಓದುಗರು ಅದನ್ನು ಅಸ್ತಮಾ ಎಂದೇ ತಿಳಿಯುತ್ತಾರೆ, ಇವರಿಗೆ ರೋಗ ಯಾವುದೆಂದು ಇನ್ನೂ ಗೊತ್ತಾಗಿಲ್ಲ. ಗದಗಿನ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿಯ ಧೂಳು ಕುಡಿದವರೂ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೊತ್ತವರೂ ವೈದ್ಯರ ಮುಂದೆ ‘ಮೆಟ್ಲಾ ಹತ್ತಿದ್ರ ದಮ್ಮ ಹತ್ತತೈತ್ರಿ’ ಎನ್ನುತ್ತಾರೆ. ಕರಪತ್ರ ಅವರಿಗಾಗಿ. ಬೀಡಿಯ ದಮ್ಮು ಎಳೆಯುವುದೂ ಇದೇ ಪದವೆಂಬ ತೊಡಕನ್ನು ‘ದಮ್ಮು ಹತ್ತುವುದು’ ಎಂದು ಪೂರ್ತಿ ಬರೆದು ನೀಗಿಸಿದ್ದೇನೆ.

ಉಳಿದಿರುವುದು ಒಂದೇ. ಆ ಕಿರಿದಾದ ನಾಳಗಳಿಗೆ ಪಠ್ಯಪುಸ್ತಕದ ‘ಶ್ವಾಸನಾಳಿಕೆ’ ಇಡಲೇ, ‘ಕಿರುನಾಳ’ ಎನ್ನಲೇ? ‘ನಾಳ’ವೂ ಸಂಸ್ಕೃತವೆಂಬ ಉತ್ತರ ಬೇಡ. ಓದಿದೊಡನೆ ಅರ್ಥವಾಗುವುದು ಯಾವುದೆಂದು ನಾಳೆ ಸಂಜೆಯೊಳಗೆ ತಿಳಿಸಿ.