ಜಿಸ್ಟ್ರೀಮರ್ ಇನ್‌ಸ್ಟಾಲ್ ಆಗಿದೆ, ಆದರೆ ಎಂಪಿ3 ಆಗ್ತಿಲ್ಲ. ಅನುಭವ ಇದ್ದವರು ಹೇಳಿ

ಅಪ್ಪ ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ ತಾಳಮದ್ದಲೆಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇನೆ. ಒಟ್ಟು 40 ವೇವ್ ಫೈಲು. ಪೈಥಾನ್‌ನಲ್ಲಿ ಜಿಸ್ಟ್ರೀಮರ್ (ಧ್ವನಿ, ವಿಡಿಯೋ ಸಂಸ್ಕರಿಸುವ ಲೈಬ್ರರಿ) ಬಳಸಿ ಎಲ್ಲವನ್ನೂ ಎಂಪಿ3 ಮಾಡೋಣ ಅಂತ ಹೊರಟೆ. ಉಬುಂಟುವಿನಲ್ಲಿ ಲೈಬ್ರರಿ ಹಾಕಿದೆ. ಓಡಿಸಿದರೆ 'ಲೇಮ್‌ಎಂಪಿ3ಎನ್ಕ್' (ಎಂಪಿ3 ಮಾಡಿಕೊಡುವ ಲೇಮ್‌ನ ಬಿಡಿಭಾಗ) ಎಂಬ ಎಲಿಮೆಂಟೇ ಇಲ್ಲ ಅನ್ನುತ್ತದೆ. ಹಳೆಯ ಪಾಠವೊಂದನ್ನು ಓದಿ 'ಅಗ್ಲಿ' ಪ್ಲಗಿನ್‌ಗಳನ್ನೂ ಹಾಕಿದೆ. ಮತ್ತೆ ಅದೇ ರಾಗ.

ಶಿರಸಿಯಿಂದ ಒಬ್ಬರು:
ನಿಮ್ಮ ಕೋಡ್ ಸರಿ ಇರಬಹುದು. ಜಿಸ್ಟ್ರೀಮರ್‌ನ ಕೋರ್‌ಗೆ ಎಂಪಿ3 ಅಂದರೇನು ಅಂತಲೇ ಗೊತ್ತಿಲ್ಲ. ಅದು ಬರೀ ಪೈಪ್ ಜೋಡಿಸುತ್ತದೆ, ಕೆಲಸವೆಲ್ಲ ಪ್ಲಗಿನ್‌ಗಳದ್ದು. ಪ್ಲಗಿನ್‌ಗಳಲ್ಲಿ ನಾಲ್ಕು ಕಟ್ಟು: ಬೇಸ್, ಗುಡ್, ಬ್ಯಾಡ್, ಅಗ್ಲಿ. ಅಗ್ಲಿ ಅಂದರೆ ಕೆಟ್ಟದ್ದು ಅಂತಲ್ಲ. ಕೆಲಸ ಚೆನ್ನಾಗಿಯೇ ಮಾಡುತ್ತವೆ, ಪೇಟೆಂಟ್, ಲೈಸೆನ್ಸ್ ತಕರಾರು ಇದೆ ಅಷ್ಟೆ. ಬ್ಯಾಡ್‌ನಲ್ಲಿರುವವು ಇನ್ನೂ ಪೂರ್ತಿ ಪರೀಕ್ಷೆ ದಾಟದವು. ಎಂಪಿ3 ಪೇಟೆಂಟ್ ಲೈಸೆನ್ಸ್ ವ್ಯವಹಾರ 2017ರಲ್ಲಿ ಮುಗಿಯಿತು. ಮರುವರ್ಷ ಬಂದ ಜಿಸ್ಟ್ರೀಮರ್ 1.14ರಲ್ಲಿ ಲೇಮ್ ಅಗ್ಲಿಯಿಂದ ಗುಡ್‌ಗೆ ಬಂತು. ಹಳೆಯ ಪಾಠ ನಿಮ್ಮನ್ನು ತಪ್ಪು ಬಾಗಿಲಿಗೆ ಕಳಿಸಿದೆ! ಗುಡ್ ಕಟ್ಟು ಹಾಕಿ.

ಆಮೇಲೆ ಕೋಡ್ ಮುಟ್ಟುವ ಮೊದಲು ಟರ್ಮಿನಲ್‌ನಲ್ಲಿ 'ಜಿಎಸ್‌ಟಿ-ಇನ್‌ಸ್ಪೆಕ್ಟ್-1.0' ಕೊಟ್ಟು ಮುಂದೆ ಎಲಿಮೆಂಟ್ ಹೆಸರು ಬರೆಯಿರಿ. (ಹೆಸರು ನೋಡಿ ಹೆದರಬೇಡಿ, ತೆರಿಗೆ ಇಲಾಖೆಯವರಲ್ಲ.) ವಿವರ ಬಂದರೆ ಪ್ಲಗಿನ್ ಇದೆ. ಇಲ್ಲದಿದ್ದರೆ ಕೋಡ್ ತಿದ್ದಿ ಪ್ರಯೋಜನವಿಲ್ಲ.

ಮೈಸೂರಿನಿಂದ:
ನಾನು ಒಂದು ಭಾನುವಾರ ಪೂರ್ತಿ ಕಳೆದಿದ್ದು ಬೇರೆ ಕಡೆ. ಪೈಥಾನ್‌ನ ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಕೆಲಸಕ್ಕೆಂದು ಬೇರೆಯಾಗಿಟ್ಟ ಪೈಥಾನ್) ಒಳಗೆ ಕೂತಿದ್ದೆ, 'ಜಿಐ' ಮಾಡ್ಯೂಲ್ (ಪೈಥಾನ್‌ನಿಂದ ಜಿಸ್ಟ್ರೀಮರ್ ಕರೆಯುವ ಸೇತುವೆ) ಇಲ್ಲ ಅನ್ನುತ್ತಿತ್ತು. ಅದು ಸಿಸ್ಟಮ್ ಪೈಥಾನ್‌ಗೆ ಹಾಕಿದ್ದು, ಒಳಗಿನಿಂದ ಕಾಣುವುದಿಲ್ಲ. ಎನ್ವಿರಾನ್‌ಮೆಂಟ್ ಮಾಡುವಾಗಲೇ 'ಸಿಸ್ಟಮ್-ಸೈಟ್-ಪ್ಯಾಕೇಜಸ್' ಆಯ್ಕೆ ಕೊಡಿ. ಅದನ್ನೇ ಪಿಪ್‌ನಲ್ಲಿ (ಪೈಥಾನ್ ಪ್ಯಾಕೇಜ್ ಹಾಕುವ ಸಾಧನ) ಹಾಕಲು ಹೋದರೆ ಅದು ಕಂಪೈಲ್ ಶುರು ಮಾಡಿ, ಹೆಡರ್ ಫೈಲು ಬೇಕು ಅಂತ ಹಟ ಹಿಡಿಯುತ್ತದೆ.

ಪ್ಲಗಿನ್ ಹಾಕಿದ ಮೇಲೂ ಕಾಣದಿದ್ದರೆ ಹೋಮ್ ಫೋಲ್ಡರ್‌ನಲ್ಲಿ ಅಡಗಿರುವ '.ಕ್ಯಾಶ್' ಒಳಗಿನ 'ಜಿಸ್ಟ್ರೀಮರ್-1.0' ಫೋಲ್ಡರ್ ಅಳಿಸಿ. ಪ್ಲಗಿನ್‌ಗಳ ಪಟ್ಟಿ ಅಲ್ಲಿರುತ್ತದೆ. ಮುಂದಿನ ಸಲ ತಾನೇ ಹೊಸದಾಗಿ ಬರೆದುಕೊಳ್ಳುತ್ತದೆ, ಭಯ ಬೇಡ.

ಮಂಗಳೂರಿನಿಂದ:
ವಿಂಡೋಸ್‌ನವರಿಗೆ ಒಂದೇ ಮಾತು. ಜಿಸ್ಟ್ರೀಮರ್‌ನಲ್ಲಿ ಎಂಎಸ್‌ವಿಸಿ, ಮಿನ್‌ಜಿಡಬ್ಲ್ಯು (ಎರಡೂ ಕಂಪೈಲರ್ ಹೆಸರು) ಅಂತ ಎರಡು ಬಗೆಯ ಇನ್‌ಸ್ಟಾಲರ್ ಇವೆ. ಬೆರೆಸಬೇಡಿ.

ಪುತ್ತೂರಿನಿಂದ:
ನಾನೂ ಕ್ಯಾಸೆಟ್ ಇಳಿಸಿದವನೇ. ಫೈಲ್‌ಸೋರ್ಸ್, ವೇವ್‌ಪಾರ್ಸ್, ಲೇಮ್, ಫೈಲ್‌ಸಿಂಕ್ ಅಂತ ನೇರ ಜೋಡಿಸಿದ್ದೆ. ಕೆಲವು ಫೈಲು ಆದವು, ಕೆಲವು ಕೂಡಿಕೊಳ್ಳಲೇ ಇಲ್ಲ. ಲೇಮ್‌ಗೆ ಮೊದಲು 'ಆಡಿಯೋಕನ್ವರ್ಟ್' (ಧ್ವನಿಯ ರೂಪ ಹೊಂದಿಸುವ ಎಲಿಮೆಂಟ್) ಇಟ್ಟೆ, ಎಲ್ಲ ಸಲೀಸಾಯಿತು. ಬೇಕಿಲ್ಲದಿದ್ದರೆ ಅದು ಸುಮ್ನೆ ಇರುತ್ತದೆ, ಇಡುವುದೇ ಒಳ್ಳೆಯದು.

ಇನ್ನೊಂದು. ಇಳಿಸುವಾಗ ಹಳೆಯ ಕ್ಯಾಸೆಟ್ ಡೆಕ್ ವೇಗವಾಗಿ ಓಡಿದ್ದರೆ ಭಾಗವತರ ಶ್ರುತಿ ಮೇಲಕ್ಕೆ ಹೋಗಿರುತ್ತದೆ. ಬ್ಯಾಡ್ ಕಟ್ಟಿನಲ್ಲಿ 'ಪಿಚ್' ಅಂತ ಎಲಿಮೆಂಟ್ ಇದೆ. ಅದರ 'ರೇಟ್' ಇಳಿಸಿದರೆ ವೇಗ, ಶ್ರುತಿ ಎರಡೂ ಒಟ್ಟಿಗೆ ಇಳಿಯುತ್ತವೆ. ಟೇಪಿನ ದೋಷಕ್ಕೆ ಅದೇ ಬೇಕು. 'ಟೆಂಪೊ' ಮುಟ್ಟಿದರೆ ವೇಗ ಮಾತ್ರ ಬದಲಾಗುತ್ತದೆ. ಮೂಲ ವೇವ್ ಫೈಲು ಮಾತ್ರ ಅಳಿಸಲೇಬೇಡಿ.

ಕೇಳಿದವರು:
ಗುಡ್ ಹಾಕಿದೆ, ಇನ್‌ಸ್ಪೆಕ್ಟ್‌ನಲ್ಲಿ ಲೇಮ್ ಕಂಡಿತು! 37 ಫೈಲು ಆಗಿವೆ. ಉಳಿದ ಮೂರರಲ್ಲಿ ಶ್ರುತಿ ನಿಜಕ್ಕೂ ಮೇಲಿದೆ. ರೇಟ್ 0.96 ಇಟ್ಟು ಒಂದನ್ನು ಅಪ್ಪನಿಗೆ ಕೇಳಿಸಿದೆ. 'ಇನ್ನೂ ಸ್ವಲ್ಪ ಇಳಿಸು' ಅಂದರು. ಈಗ 0.94 ಓಡುತ್ತಿದೆ.