ರಜೆಗೆ ಬರುವ ಹುಡುಗನಿಗೆ ನ್ಯೂಯಾರ್ಕ್ ತೋರಿಸಬೇಡಿ, ಅವನೇ ನೋಡಲಿ

ತಂಗಿ ಮಗ ಒಹಾಯೋದಲ್ಲಿ ಎಂಎಸ್ ಓದುತ್ತಿದ್ದಾನೆ, ಡಿಸೆಂಬರ್ ರಜೆಗೆ ನಮ್ಮ ಮನೆಗೆ ಬರುತ್ತಾನೆ, ನ್ಯೂಯಾರ್ಕ್ ಹೇಗೆ ತೋರಿಸೋದು ಅಂತ ನ್ಯೂಜೆರ್ಸಿಯ ಎಡಿಸನ್ ಊರಿನ ಅಕ್ಕ ಒಬ್ಬರು ಕೇಳಿದ್ದಾರೆ. ಅಕ್ಕಾ, ನೀವು ತೋರಿಸಲೇಬೇಡಿ. ಅವನೇ ನೋಡಿಕೊಳ್ಳಲಿ. ನಿಮ್ಮ ಮಕ್ಕಳನ್ನೂ ಜೊತೆಗೆ ಕಳಿಸಿ.

ನಮ್ಮ ನ್ಯೂಜೆರ್ಸಿ ಮನೆಗಳಲ್ಲಿ ಏನಾಗುತ್ತದೆ ಅಂತ ಗೊತ್ತಲ್ಲ. ಹುಡುಗ ಬಂದ ಕೂಡಲೇ ಕಾರಲ್ಲಿ ಕೂರಿಸಿಕೊಂಡು ಇಂಡಿಯನ್ ಅಂಗಡಿಗಳ ಓಕ್ ಟ್ರೀ ರೋಡು, ಔಟ್‌ಲೆಟ್ ಮಾಲು, ಯಾರದೋ ಮನೆ ಊಟ. ಊಟದ ಮಧ್ಯೆ ಇಂಟರ್ನ್‌ಶಿಪ್ ಸಿಕ್ತಾ, ಓಪಿಟಿ (ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಅನುಮತಿ) ಯಾವಾಗ, ಎಚ್-1ಬಿ ಕೆಲಸದ ವೀಸಾ ಕಥೆ ಏನು. ಪಾಪ, ಅದನ್ನೆಲ್ಲ ಸ್ವಲ್ಪ ದಿನ ಮರೆಯೋಣ ಅಂತಲೇ ಅವನು ಬಂದಿರುತ್ತಾನೆ.

ನಮ್ಮ ಮಕ್ಕಳ ಪಾಡೂ ಅಷ್ಟೇ. ಅವರಿಗೆ ನ್ಯೂಯಾರ್ಕ್ ಅಂದರೆ ಶಾಲೆಯ ಫೀಲ್ಡ್ ಟ್ರಿಪ್, ಇಲ್ಲವೇ ಕಾರಿನ ಹಿಂದಿನ ಸೀಟು. ಹೈಸ್ಕೂಲಿಗೆ ಬಂದರೂ ಸಬ್‌ವೇ, ಅಂದರೆ ಅಲ್ಲಿನ ಮೆಟ್ರೋ ರೈಲಿನ ಮ್ಯಾಪ್ ಓದಲು ಬರುವುದಿಲ್ಲ. ಬಿಎಂಟಿಸಿ ಬಸ್ಸಲ್ಲಿ ನೇತಾಡಿಕೊಂಡು ಕಾಲೇಜಿಗೆ ಹೋದ ಹುಡುಗ ಅರ್ಧ ದಿನದಲ್ಲಿ ಲೋಕಲ್ ಯಾವುದು, ಎಕ್ಸ್‌ಪ್ರೆಸ್ ಯಾವುದು ಅಂತ ತಿಳಿದುಕೊಂಡುಬಿಡುತ್ತಾನೆ. ಜೊತೆಗೆ ಕನ್ನಡ. ನಮ್ಮ ಮಕ್ಕಳ ಕನ್ನಡ ಅಜ್ಜಿಯ ವಿಡಿಯೋ ಕಾಲ್‌ಗೆ ಮೀಸಲು: ಊಟ ಆಯ್ತು, ಚೆನ್ನಾಗಿದ್ದೀನಿ, ಅಮ್ಮನಿಗೆ ಕೊಡ್ತೀನಿ. ಇಪ್ಪತ್ತೆರಡು ವರ್ಷದ ಅಣ್ಣ ಕನ್ನಡದಲ್ಲೇ ಜೋಕ್ ಹೊಡೆದಾಗ, ಕಾಲೆಳೆದಾಗ, ಇದು ಬರೀ ದೊಡ್ಡವರ ಭಾಷೆ ಅಲ್ಲ ಅಂತ ಅವರಿಗೆ ಗೊತ್ತಾಗುತ್ತದೆ. ಭಾನುವಾರದ ಕನ್ನಡ ಶಾಲೆಯಲ್ಲಿ ಇದು ಸಿಗುವುದಿಲ್ಲ. (ನಾಲ್ಕು ಬೈಗುಳವನ್ನೂ ಕಲಿತು ಬರುತ್ತಾರೆ. ಅದಕ್ಕೆ ನನ್ನನ್ನು ಕೇಳಬೇಡಿ.)

ಎಲ್ಲಿಗೆ ಹೋಗಬೇಕು ಅಂದರೆ, ಬೆಳಿಗ್ಗೆ ಎನ್‌ಜೆ ಟ್ರಾನ್ಸಿಟ್ ರೈಲು ಹಿಡಿದು ಪೆನ್ ಸ್ಟೇಷನ್ನಿಗೆ. ಸಬ್‌ವೇ ಗೇಟಿಗೆ ಬ್ಯಾಂಕ್ ಕಾರ್ಡ್ ಅಥವಾ ಫೋನ್ ತಾಗಿಸಿದರೆ ಸಾಕು, ಒಂದು ಸಲಕ್ಕೆ ಸುಮಾರು 3 ಡಾಲರ್. 1ನೇ ನಂಬರಿನ ರೈಲಿನಲ್ಲಿ ಕೊನೇ ಸ್ಟಾಪ್ ಸೌತ್ ಫೆರಿ. ಅಲ್ಲಿಂದ ಹೊರಡುವ ಸ್ಟೇಟನ್ ಐಲೆಂಡ್ ಫೆರಿ ಪೂರ್ತಿ ಉಚಿತ, ಹಗಲೂ ರಾತ್ರಿ ಓಡುತ್ತದೆ, ಆಚೆ ದಡಕ್ಕೆ 25 ನಿಮಿಷ. ಹೋಗುವಾಗ ಬಲಗಡೆ ನಿಂತರೆ ಲಿಬರ್ಟಿ ಪ್ರತಿಮೆ ಕಾಣುತ್ತದೆ. ರಸ್ತೆಯಲ್ಲಿ ಯಾರಾದರೂ ಇದಕ್ಕೆ ಟಿಕೆಟ್ ಮಾರಲು ಬಂದರೆ ಅದು ಮೋಸ.

ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಇನ್ನೊಂದು ದಿನ ಟಿಕೆಟ್ ತೆಗೆದುಕೊಂಡು ಪ್ರತಿಮೆಯ ದ್ವೀಪಕ್ಕೇ ಹೋಗಲಿ, ಯಾಕೆಂದರೆ ಅದೇ ಟಿಕೆಟ್ಟಿನಲ್ಲಿ ಎಲ್ಲಿಸ್ ಐಲೆಂಡೂ ಸೇರಿದೆ. ನನ್ನ ಪ್ರಕಾರ ಪ್ರತಿಮೆಗಿಂತ ಅದೇ ಮುಖ್ಯ. 1892ರಿಂದ 1954ರವರೆಗೆ ಸುಮಾರು 1.2 ಕೋಟಿ ವಲಸಿಗರು ಅಲ್ಲಿಂದ ಒಳಗೆ ಬಂದರು. ಸಾಲಾಗಿ ನಿಲ್ಲಿಸಿ, ಕಣ್ಣಿನ ರೋಗ ಇದೆಯಾ ಅಂತ ರೆಪ್ಪೆ ಮಗುಚಿ ನೋಡುತ್ತಿದ್ದರು. ಇಲ್ಲಿಗೆ ಯಾಕೆ ಬಂದೆ, ಕೈಯಲ್ಲಿ ಎಷ್ಟು ದುಡ್ಡಿದೆ ಅಂತ ಕೇಳುತ್ತಿದ್ದರು. ವೀಸಾ ಇಂಟರ್‌ವ್ಯೂ ಮುಗಿಸಿ ಬಂದ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾ? ಇಲ್ಲೇ ಹುಟ್ಟಿ ಅಮೆರಿಕದ ಪಾಸ್‌ಪೋರ್ಟ್ ಹಿಡಿದಿರುವ ನಮ್ಮ ಮಕ್ಕಳಿಗೆ ಅವನೇ ಹೇಳಲಿ. ನಾವು ಹೇಳಿದರೆ ಭಾಷಣ ಅಂದುಕೊಳ್ಳುತ್ತಾರೆ.

ಮೆಟ್ ಎಂಬ ದೊಡ್ಡ ಕಲಾ ಮ್ಯೂಸಿಯಂನಲ್ಲಿ ಟಿಕೆಟ್ಟಿಗೆ ಇಷ್ಟ ಬಂದಷ್ಟು ಕೊಡುವ ಸೌಲಭ್ಯ ನ್ಯೂಯಾರ್ಕ್ ರಾಜ್ಯದ ನಿವಾಸಿಗಳಿಗೆ, ಜೊತೆಗೆ ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್ ವಿದ್ಯಾರ್ಥಿಗಳಿಗೆ ಮಾತ್ರ. ಒಹಾಯೋ ಹುಡುಗ ಪೂರ್ತಿ ವಿದ್ಯಾರ್ಥಿ ದರ ಕೊಡಬೇಕು. ನಿಮ್ಮ ಮಕ್ಕಳು ಶಾಲೆಯ ಐಡಿ ಇಟ್ಟುಕೊಂಡಿರಲಿ.

7ನೇ ನಂಬರಿನ ರೈಲಿನಲ್ಲಿ ಕೊನೇ ಸ್ಟಾಪ್ ಫ್ಲಶಿಂಗ್. ಅಲ್ಲಿ 1977ರಲ್ಲಿ ಪ್ರತಿಷ್ಠಾಪನೆಯಾದ ಗಣೇಶನ ದೇವಸ್ಥಾನ ಇದೆ, ಕೆಳಗಡೆ ಕ್ಯಾಂಟೀನೂ ಇದೆ. ಬಸವನಗುಡಿ ದೋಸೆಯ ಆಸೆ ಬೇಡ. ಆದರೆ ಹಾಸ್ಟೆಲ್ ಊಟ ತಿಂದು ಬಂದವನಿಗೆ ಆ ಚಳಿಯಲ್ಲಿ ಬಿಸಿ ದೋಸೆ ಸಿಕ್ಕರೆ ಬೇರೇನು ಬೇಕು?

ದಾಖಲೆ ವಿಷಯ: ದೇಶದೊಳಗಿನ ಓಡಾಟಕ್ಕೆ ಐ-20 (ಕಾಲೇಜು ಕೊಡುವ ವಿದ್ಯಾರ್ಥಿ ದಾಖಲೆ) ಮೇಲೆ ಟ್ರಾವೆಲ್ ಸಹಿ ಬೇಡ. ಪಾಸ್‌ಪೋರ್ಟ್, ಐ-94 (ದೇಶದೊಳಗೆ ಬಂದ ದಾಖಲೆ) ಪ್ರಿಂಟು, ಐ-20 ಮೂರೂ ತಂದಿರಲಿ.

ಇನ್ನು ಡಿಸೆಂಬರ್ 31ರ ರಾತ್ರಿ ಟೈಮ್ಸ್ ಸ್ಕ್ವೇರ್‌ನ ಹೊಸ ವರ್ಷದ ಜನಜಾತ್ರೆ. ಮಧ್ಯಾಹ್ನದಿಂದಲೇ ಬೇಲಿಯೊಳಗೆ ನಿಲ್ಲಬೇಕು, ಬ್ಯಾಗ್ ಬಿಡುವುದಿಲ್ಲ, ಶೌಚಾಲಯ ಇಲ್ಲ, ಹೊರಗೆ ಬಂದರೆ ಜಾಗ ಹೋಯಿತು. ಹೋಗಲೇಬೇಕು ಅಂತ ಹಟ ಹಿಡಿದರೆ ಹೋಗಲಿ ಬಿಡಿ, ಆ ವಯಸ್ಸೇ ಅಂಥದ್ದು. ಅವತ್ತು ಮಾತ್ರ ನಿಮ್ಮ ಮಕ್ಕಳನ್ನು ಜೊತೆಗೆ ಕಳಿಸಬೇಡಿ.