ಅಪ್‌ಡೇಟ್: ಬಿ-17ರ ಹೊಟ್ಟೆಯೊಳಗಿನ ಗನ್ನರ್ ಹೊರಗೆ ಬರೋದು ಹೇಗೆ?

ಹೋದ ವಾರ ಕೇಳಿದ್ದೆ: ಎರಡನೇ ಮಹಾಯುದ್ಧದ ಅಮೆರಿಕದ ಬಾಂಬ್ ಹಾಕುವ ವಿಮಾನ ಬಿ-17ರ ಅಡಿಯ ಉರುಟು ಗೂಡಿನಲ್ಲಿ ಮುದುಡಿ ಕೂರುತ್ತಿದ್ದ ಗನ್ನರ್ (ಗನ್ ಹಾರಿಸುವವನು), ವಿಮಾನಕ್ಕೆ ಬೆಂಕಿ ಬಿದ್ದರೆ ಏನು ಮಾಡ್ತಾನೆ ಅಂತ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಗನ್ನುಗಳ ಮೂತಿ ನೆಟ್ಟಗೆ ನೆಲದ ಕಡೆ ತಿರುಗಿದರೆ ಗೂಡಿನ ಬಾಗಿಲು ವಿಮಾನದೊಳಕ್ಕೆ ತೆರೆಯುತ್ತದೆ. ಅಲ್ಲಿಂದ ಮೇಲೆ ಹತ್ತಬೇಕು. ಪ್ಯಾರಾಚೂಟ್ ಸಾಮಾನ್ಯವಾಗಿ ಮೇಲೆಯೇ ಇರುತ್ತಿತ್ತು, ಗೂಡಲ್ಲಿ ಜಾಗವೇ ಇಲ್ಲ.

ನೀವು ಹೇಳಿದ ಮೇನಾರ್ಡ್ ಸ್ಮಿತ್ ಕಥೆಯನ್ನೂ ಓದಿದೆ, ಇವನೂ ಬಿ-17ರ ಇದೇ ಗೂಡಿನ ಗನ್ನರ್. 1943ರ ಮೇ 1, ಫ್ರಾನ್ಸಿನ ಸೇಂಟ್ ನಜೈರ್ ದಾಳಿ. ಅವನಿಗೆ ಅದೇ ಮೊದಲ ಯುದ್ಧ ಹಾರಾಟ! ರೇಡಿಯೋ ಕೋಣೆಯಲ್ಲಿ ಬೆಂಕಿ, ಸೋರುವ ಆಮ್ಲಜನಕದಿಂದ ಇನ್ನೂ ಜೋರು. ಮೂವರು ಸಮುದ್ರಕ್ಕೆ ಹಾರಿದರು. ಇವನು ಉಳಿದ. ಸಿಡಿಯುತ್ತಿದ್ದ ಗುಂಡಿನ ಪೆಟ್ಟಿಗೆಗಳನ್ನು ಹೊರಗೆಸೆದ, ಗಾಯಗೊಂಡ ಬಾಲದ ಗನ್ನರ್‌ಗೆ ಆರೈಕೆ ಮಾಡಿದ, ನಡುವೆ ಓಡಿಹೋಗಿ ಗನ್ ಹಾರಿಸಿದ. ಬೆಂಕಿ ಆರಿಸುವ ಸಾಮಾನೆಲ್ಲ ಮುಗಿದ ಮೇಲೆ ಮೈಗೆ ಬಟ್ಟೆ ಸುತ್ತಿಕೊಂಡು ಕೈಯಲ್ಲೇ ನಂದಿಸಿದ.

ನನಗೆ ಜಾಸ್ತಿ ಇಷ್ಟವಾಗಿದ್ದು ಮುಂದಿನದು. ಅಮೆರಿಕದ ಅತ್ಯುನ್ನತ ಸೇನಾ ಪದಕ ಮೆಡಲ್ ಆಫ್ ಆನರ್ ಕೊಡಲು ಅಲ್ಲಿನ ಯುದ್ಧ ಸಚಿವ ಸ್ಟಿಮ್ಸನ್ ಬಂದಾಗ ಈ ಪುಣ್ಯಾತ್ಮ ಶಿಕ್ಷೆಯಾಗಿ ಅಡುಗೆಮನೆ ಕೆಲಸದಲ್ಲಿದ್ದನಂತೆ. ನಮ್ಮ ಮನೆಯವರಿಗೆ ಹೇಳಿದೆ, ನಂಬಲೇ ಇಲ್ಲ.